ವೈದ್ಯರು ಕುತ್ತಿಗೆಯ ಬಗ್ಗೆಯೂ ಕೇಳಲಿ

2022ರಲ್ಲಿ ಹೈದರಾಬಾದಿನ 50 ವರ್ಷದ ಮಹಿಳೆಯೊಬ್ಬರಿಗೆ ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಸಿಕೊಳ್ಳುವಾಗ ತಲೆಸುತ್ತು, ವಾಂತಿ ಶುರುವಾಯಿತು. ವಾಂತಿಯಾದ್ದರಿಂದ ಮೊದಲು ತೋರಿಸಿದ್ದು ಹೊಟ್ಟೆಯ ವೈದ್ಯರಿಗೆ. ಮರುದಿನ ನಡಿಗೆ ತೂರಾಡತೊಡಗಿತು. ಎಂಆರ್‌ಐಯಲ್ಲಿ ಕಂಡದ್ದು ಕಿರುಮೆದುಳಿನ ಸ್ಟ್ರೋಕ್. ಬೇಸಿನ್ನಿನ ಅಂಚಿನ ಮೇಲೆ ಹಿಂದಕ್ಕೆ ಬಾಗಿದ ಕುತ್ತಿಗೆಯಲ್ಲಿ ರಕ್ತನಾಳ ಒತ್ತಿಹೋಗಿತ್ತೆಂದು ಅಪೋಲೊ ಆಸ್ಪತ್ರೆಯ ನರರೋಗತಜ್ಞ ಡಾ. ಸುಧೀರ್ ಕುಮಾರ್ ವಿವರಿಸಿದರು.

2024ರಲ್ಲಿ ಸುದ್ದಿಯಾದದ್ದು ಬಳ್ಳಾರಿಯ 30ರ ಯುವಕ. ಕ್ಷೌರದಂಗಡಿಯಲ್ಲಿ ತಲೆ ಮಸಾಜಿನ ಜೊತೆ ಕುತ್ತಿಗೆಯನ್ನೂ ಲಟಕ್ಕನೆ ತಿರುವಿದ್ದರು. ಕೆಲವೇ ಗಂಟೆಗಳಲ್ಲಿ ಮಾತು ನಿಂತು, ಎಡಭಾಗ ಬಲಗುಂದಿತು. ಬೆಂಗಳೂರಿನ ವೈದ್ಯರು ಕಂಡುಹಿಡಿದದ್ದು ಶೀರ್ಷಧಮನಿಯ, ಅಂದರೆ ಕ್ಯಾರೊಟಿಡ್ ನಾಳದ, ಗೋಡೆಯಲ್ಲಾದ ಸೀಳು.

ಹೀಗೆ ನಾಳದ ಒಳಪದರ ಹರಿದಾಗ ರಕ್ತ ಗೋಡೆಯೊಳಗೆ ನುಗ್ಗುತ್ತದೆ, ದಾರಿ ಕಿರಿದಾಗುತ್ತದೆ. ಅಲ್ಲಿ ಕಟ್ಟಿದ ಹೆಪ್ಪು ಕಳಚಿ ಮೆದುಳಿಗೆ ಹೋದರೆ ಸ್ಟ್ರೋಕ್. ಇದು ಆ ಕ್ಷಣದಲ್ಲೇ ಆಗಬೇಕೆಂದಿಲ್ಲ. ಗಂಟೆಗಳ, ದಿನಗಳ ನಂತರವೂ ಆಗಬಹುದು. ಬೈಕಿನಿಂದ ಬಿದ್ದವರು, ಆಟದಲ್ಲಿ ಕುತ್ತಿಗೆಗೆ ಪೆಟ್ಟು ತಿಂದವರು ಹೊರಗೆ ಗಾಯವಿಲ್ಲವೆಂದು ಮನೆಗೆ ಮರಳುವುದು ಇದರಿಂದಲೇ ಅಪಾಯಕಾರಿ.

ನಮ್ಮ ಮಾತೂ ಇಲ್ಲಿ ದಾರಿ ತಪ್ಪಿಸುತ್ತದೆ. ಪಾರ್ಶ್ವವಾಯು ಎಂಬ ಹೆಸರಿನಲ್ಲಿ ಗಾಳಿಯಿದೆ, ರಕ್ತವಿಲ್ಲ. ‘ಲಕ್ವಾ ಹೊಡೆಯಿತು’ ಎಂದಾಗ ಅದು ಎಲ್ಲಿಂದಲೋ ಬಂದು ಎರಗಿದ ಪೀಡೆ. ಹಾಗೆ ಬಂದದ್ದಕ್ಕೆ ನಿನ್ನೆಯ ಪೆಟ್ಟನ್ನು ನೆನಪಿಸಿಕೊಳ್ಳುವವರು ಯಾರು? ಬಿಪಿ, ಸಕ್ಕರೆ, ವಯಸ್ಸು ವಿಚಾರಿಸಿ ಮಾತು ಮುಗಿಯುತ್ತದೆ. ಆದರೆ 50ರೊಳಗಿನವರ ಸ್ಟ್ರೋಕಿಗೆ ಮುಖ್ಯ ಕಾರಣಗಳಲ್ಲಿ ಈ ಸೀಳೂ ಒಂದು.

ಇಂಥ ಪ್ರಕರಣ ಅಪರೂಪ, ನಿಜ. ದಿನವೂ ಎಷ್ಟೋ ಕುತ್ತಿಗೆಗಳು ‘ಲಟಿಕೆ’ ಮುರಿಸಿಕೊಂಡು ಕ್ಷೇಮವಾಗಿ ಮನೆಗೆ ಹೋಗುತ್ತವೆ. ಕ್ಷೌರಿಕರನ್ನು ಅಪರಾಧಿಗಳಾಗಿಸುವುದೂ ಅನ್ಯಾಯ. ಆ ಸದ್ದನ್ನು ಕೇಳಿ ಪಡೆಯುವವರು ಗಿರಾಕಿಗಳೇ. ಆದರೂ ಬಿಟ್ಟರೆ ಏನೂ ನಷ್ಟವಿಲ್ಲದ ಸುಖಕ್ಕೆ ಮೆದುಳನ್ನು ಪಣಕ್ಕಿಡುವುದು ಯಾಕೆ? ‘ಕುತ್ತಿಗೆ ಬೇಡ’ ಎಂಬ ಎರಡು ಪದ ಸಾಕು. ಪಾರ್ಲರಿನವರು ಕತ್ತಿನಡಿಗೆ ಒಂದು ಟವೆಲ್ ಇಟ್ಟು, ಬಾಗುವಿಕೆಯನ್ನು ತಗ್ಗಿಸಬಹುದು.

ಆಸ್ಪತ್ರೆಗಳು ಮಾಡಬೇಕಾದದ್ದು ಇನ್ನೂ ಸುಲಭ: ತಲೆಸುತ್ತಿನಿಂದ, ಹೊಸದಾದ ಕತ್ತುನೋವಿನಿಂದ, ಜೋತುಬಿದ್ದ ಒಂದು ಕಣ್ಣುರೆಪ್ಪೆಯಿಂದ ಬಂದವರಿಗೆ ‘ಈಚೆಗೆ ಕುತ್ತಿಗೆಗೆ ಪೆಟ್ಟಾಗಿತ್ತೇ, ಯಾರಾದರೂ ತಿರುವಿದ್ದರೇ?’ ಎಂದು ಕೇಳುವುದು. ಹೆಪ್ಪು ಕರಗಿಸುವ ಮದ್ದಿಗೆ ಇರುವ ಕಾಲ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಹೊಟ್ಟೆಯ ವೈದ್ಯರ ಬಾಗಿಲಲ್ಲಿ ಕಾಯುತ್ತ ಕಳೆದ ಹೊತ್ತೂ ಅದರಲ್ಲೇ ಸೇರುತ್ತದೆ.