ಹುದ್ದೆ ದೊಡ್ಡದು, ದಂಡು ಎಷ್ಟು?

ನಮ್ಮ ಗೆಜ್ಜಲಗೆರೆಯಿಂದ ಮದ್ದೂರಿಗೆ ಬಂದು, ಅಲ್ಲಿಂದ ಮಳವಳ್ಳಿ ರಸ್ತೆ ಹಿಡಿದರೆ ಒಂದು ಗಂಟೆಯೊಳಗೆ ರಣರಂಗವೊಂದರ ಹತ್ತಿರ ಇರ್ತೀರಿ. 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯವೂ ಜನರಲ್ ಹ್ಯಾರಿಸ್‌ನ ಇಂಗ್ಲಿಷ್ ಸೈನ್ಯವೂ ಮಳವಳ್ಳಿ ಬಯಲಲ್ಲಿ ಎದುರಾದವು. ಮೈಸೂರಿನ ಕಾಲಾಳುಗಳು ಬಂದೂಕಿನ ಈಟಿ ತಾಗುವಷ್ಟು ಹತ್ತಿರ ನಡೆದು ಬಂದರು. ಅವತ್ತು ಎದುರು ಪಾಳೆಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನ ಎದುರು ಗೆದ್ದವನು, ಇವರು ಇಷ್ಟು ಚೆನ್ನಾಗಿ ಕಾದಿದ್ದನ್ನ ಹಿಂದೆ ಕಂಡಿಲ್ಲ ಅನ್ನೋ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಆದರೂ ಮೈಸೂರು ಹಿಮ್ಮೆಟ್ಟಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಹೀಗೆ ಬಂದ ಕಾಲಾಳು ಪಡೆಗೆ ದಾಖಲೆಗಳಲ್ಲಿರುವ ಹೆಸರು ‘ಕುಶೂನ್’. ಇಷ್ಟು ಕುಶೂನ್ ಬಂದವು, ಇಷ್ಟು ಕುಶೂನ್ ಸೋತವು ಅಂತ ಓದ್ತೀವಿ. ಆದರೆ ಒಂದು ಕುಶೂನ್ ಅಂದರೆ ಎಷ್ಟು ಜನ? ಯುದ್ಧದ ಕಥೆ ಹೇಳುವವರು ಸಾಮಾನ್ಯವಾಗಿ ಈ ಪ್ರಶ್ನೆಯನ್ನೇ ದಾಟಿಹೋಗ್ತಾರೆ.

ಮೊದಲು ಟಿಪ್ಪುವಿನ ದಂಡಿನ ಏಣಿ ನೋಡೋಣ. ಸೈನ್ಯದ ದೊಡ್ಡ ವಿಭಾಗಕ್ಕೆ ‘ಕಚೇರಿ’ ಅಂತಲೇ ಹೆಸರು, ಅದಕ್ಕೆ ಬಕ್ಷಿ. ಅದರ ಕೆಳಗೆ ಕುಶೂನ್, ಅದಕ್ಕೆ ಸಿಪಹದಾರ. ಕುಶೂನಿನೊಳಗೆ ರಿಸಾಲೆಗಳು, ಅವಕ್ಕೆ ರಿಸಾಲದಾರ. ರಿಸಾಲೆಯೊಳಗೆ ಜೌಕ್, ಅದಕ್ಕೆ ಜೌಕದಾರ. ಇನ್ನೂ ಕೆಳಗೆ ಜಮಾದಾರ, ದಫೇದಾರ. ಕುಶೂನಿನ ಜೊತೆಗೇ ರಾಕೆಟ್ ಹಾರಿಸುವ ತಂಡವೂ ಇರುತ್ತಿತ್ತು. ಇದೆಲ್ಲ ‘ಫತಹುಲ್ ಮುಜಾಹಿದೀನ್’ ಅನ್ನೋ ಸೈನಿಕ ನಿಯಮಗಳ ಪುಸ್ತಕದಲ್ಲಿ ಬರುತ್ತೆ. ಏಣಿ ಅಚ್ಚುಕಟ್ಟು. ಆದರೆ ಟಿಪ್ಪು ಸೈನ್ಯವನ್ನ ಮತ್ತೆ ಮತ್ತೆ ಕಟ್ಟಿದ, ಒಡೆದ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವೇ ಕೈಬಿಟ್ಟಿತು. ಹೆಸರು ಅದೇ ಇದ್ದರೂ ಅದರೊಳಗಿನ ತಲೆಗಳ ಲೆಕ್ಕ ಒಂದೇ ಇರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ರೋಮಿನದ್ದೂ ಇದೇ. ಸಿನಿಮಾದಲ್ಲಿ ನೋಡುವ ರೋಮನ್ ಲೀಜನ್ ಅಂದರೆ ಸುಮಾರು 5000 ಜನ. ಅದರಲ್ಲಿ 10 ಕೊಹಾರ್ಟ್, ಸಾಮಾನ್ಯ ಕೊಹಾರ್ಟಿನಲ್ಲಿ 6 ಸೆಂಚುರಿ. ಸೆಂಚುರಿ ಅಂದರೆ ನೂರು ಅನ್ಕೋತೀವಲ್ಲ, ಅದರಲ್ಲಿ ಇರುತ್ತಿದ್ದದ್ದು 80 ಜನ! ಎರಡನೇ ಶತಮಾನದಲ್ಲಿ ಇಂಥ ಲೀಜನ್‌ಗಳು ಸುಮಾರು 30 ಇದ್ದವು.

ಕ್ರಿ.ಶ. 300ರ ಹೊತ್ತಿಗೆ, ಡಯೊಕ್ಲೇಶಿಯನ್ ಮತ್ತು ಕಾನ್‌ಸ್ಟಂಟೈನ್ ಕಾಲಕ್ಕೆ, ಚಿತ್ರ ಬದಲಾಯ್ತು. ಗಡಿ ಒಂದೇ ಸಲ ಹತ್ತು ಕಡೆ ಹರಿಯುತ್ತಿತ್ತು. ದೊಡ್ಡ ಲೀಜನ್‌ನಿಂದ ಒಂದಷ್ಟು ಜನರನ್ನ ಅತ್ತ ಕಳಿಸೋದು, ಒಂದಷ್ಟನ್ನ ಇತ್ತ ಕಳಿಸೋದು. ಹಾಗೆ ಹೋದ ತುಂಡುಗಳಲ್ಲಿ ಎಷ್ಟೋ ವಾಪಸ್ ಬರಲೇ ಇಲ್ಲ, ಅಲ್ಲೇ ಸ್ವಂತ ಲೀಜನ್ ಅನ್ನಿಸಿಕೊಂಡವು. ಒಬ್ಬ ದಂಡನಾಯಕನ ಕೈಗೆ ತುಂಬಾ ಜನ ಕೊಟ್ಟರೆ ಅವನೇ ಸಿಂಹಾಸನಕ್ಕೆ ಕಣ್ಣು ಹಾಕ್ತಾನೆ ಅನ್ನೋ ಭಯ ಬೇರೆ. (ಮೈಸೂರಿನವರಿಗೆ ಇದನ್ನ ವಿವರಿಸಬೇಕಾ? 1761ರಲ್ಲಿ ಹೈದರಾಲಿ ಮಾಡಿದ್ದು ಅದನ್ನೇ.) ಸಾಮ್ರಾಜ್ಯದ ಹುದ್ದೆಗಳ ಹಳೇ ಪಟ್ಟಿಯೊಂದರಲ್ಲಿ ನೂರಕ್ಕೂ ಹೆಚ್ಚು ಲೀಜನ್ ಸಿಗುತ್ತವೆ. ಆದರೆ ಒಂದೊಂದರಲ್ಲಿ ಇದ್ದದ್ದು ಸುಮಾರು ಸಾವಿರ ಜನ ಅಂತ ಇತಿಹಾಸಕಾರರ ಅಂದಾಜು. ಬೋರ್ಡು ಹೆಚ್ಚಾಯ್ತು, ಬೋರ್ಡಿನ ಹಿಂದಿದ್ದ ಜನ ಆ ಲೆಕ್ಕದಲ್ಲಿ ಹೆಚ್ಚಲಿಲ್ಲ.

ಹುದ್ದೆಗಳ ಹೆಸರೂ ಬದಲಾದವು. ಸಂತ ಜೆರೋಮ್ ಅವರ ಬರಹದಲ್ಲಿ ಆ ಕಾಲದ ಒಂದು ಏಣಿ ಇದೆ. ಎಲ್ಲಕ್ಕಿಂತ ಕೆಳಗೆ ಟೀರೊ, ಅಂದರೆ ಹೊಸಬ. ಆಮೇಲೆ ಸವಾರ. ಅವನ ಮೇಲೆ ಸರ್ಕಿಟರ್, ಕಾವಲು ಸುತ್ತು ಹಾಕುವವನು. ನಂತರ ಬಿಯಾರ್ಕಸ್, ಹೆಸರಿನ ಮೂಲ ನೋಡಿದರೆ ರೇಷನ್ ನೋಡಿಕೊಳ್ಳುವವನು. ಮತ್ತೂ ಮೇಲೆ ಸೆಂಟೆನೇರಿಯಸ್, ಡ್ಯುಸೆನೇರಿಯಸ್, ಸೆನೆಟರ್, ಪ್ರಿಮಿಸೀರಿಯಸ್, ತುದಿಯಲ್ಲಿ ಟ್ರಿಬ್ಯೂನ್. ಸೆಂಟೆನೇರಿಯಸ್ ಅಂದರೆ ‘ನೂರರವನು’, ಡ್ಯುಸೆನೇರಿಯಸ್ ‘ಇನ್ನೂರರವನು’. ಹಾಗಂತ ಅವರ ಕೆಳಗೆ ಲೆಕ್ಕ ಹಾಕಿ ನೂರು, ಇನ್ನೂರು ಜನ ಇದ್ದರು ಅಂತ ನಂಬಬೇಡಿ. ಹೆಸರಿನಲ್ಲಿ ಅಂಕಿ ಉಳಿದಿತ್ತು, ಅಷ್ಟೆ.

ಕನ್ನಡದಲ್ಲಿ ಇದೇ ಆಟ ಇನ್ನೂ ನಡೀತಾ ಇದೆ. ಕೆಳದಿ, ಚಿತ್ರದುರ್ಗಗಳಲ್ಲಿ ‘ನಾಯಕ’ ಅಂದರೆ ಆಳುವ ಅರಸ. ಇಂದಿನ ಭಾರತೀಯ ಸೇನೆಯಲ್ಲಿ ನಾಯಕ್ ಅಂದರೆ ತೋಳಿನ ಮೇಲೆ ಎರಡು ಪಟ್ಟಿ ಇರುವವನು, ಹವಾಲ್ದಾರನಿಗಿಂತ ಕೆಳಗೆ. ಮೊಗಲರ ಕಾಲದಲ್ಲಿ ಶಿರಾ ಒಂದು ಸುಬಾ, ಅದರ ಸುಬೇದಾರ ಇಡೀ ಪ್ರಾಂತ್ಯದ ಒಡೆಯ. ಇಂದು ಸುಬೇದಾರ್ ಅಂದರೆ ಜೆಸಿಒ. ಜಮಾದಾರ್ ಅನ್ನೋ ಹೆಸರು 1965ರಲ್ಲಿ ಸೇನೆಯಿಂದಲೇ ಹೋಗಿ ನಾಯಬ್ ಸುಬೇದಾರ್ ಆಯ್ತು. ಟಿಪ್ಪುವಿನ ದಫೇದಾರ ಇವತ್ತು ಡಿಸಿ ಸಾಹೇಬರ ಮುಂದೆ ಬಾಗಿಲು ತೆಗೀತಾನೆ. ಸರ್ಕಾರಿ ಆಫೀಸಿನ ದಲಾಯತ್ ಒಂದು ಕಾಲದಲ್ಲಿ ಢಾಲು, ಅಂದರೆ ಗುರಾಣಿ ಹಿಡಿದವನು. ‘ಕಂದಾಚಾರ’ ಅಂದರೆ ಈಗ ಮೂಢ ಆಚರಣೆ. ಹಳೇ ಮೈಸೂರಿನ ಕಾಗದಪತ್ರಗಳಲ್ಲಿ ಅದು ಊರೂರಿನ ಕಾವಲು ದಂಡು.

ಇದರಿಂದ ನಮಗೇನು ಅಂತೀರಾ? ವಾಟ್ಸಾಪಿನಲ್ಲಿ ‘ಲಕ್ಷ ಸೈನ್ಯ’ ಅಂತ ಫಾರ್ವರ್ಡ್ ಬಂದಾಗ ಮೂರು ಪ್ರಶ್ನೆ ಕೇಳಿ. ಆ ದಂಡಿನ ಹೆಸರಿಗೆ ಆ ವರ್ಷ ಎಷ್ಟು ಜನ ಅಂತ ಅರ್ಥ ಇತ್ತು? ಲೆಕ್ಕ ಪುಸ್ತಕದ್ದಾ, ಬಯಲಲ್ಲಿ ನಿಂತವರದ್ದಾ? ಎತ್ತು ಹೊಡೆಯುವವರು, ಅಡುಗೆಯವರು, ಹುಲ್ಲು ತರುವವರು ಅದರಲ್ಲಿ ಸೇರಿದ್ದಾರಾ? ಅವತ್ತು ಮಳವಳ್ಳಿಗೆ ಬಂದ ಎರಡೂ ಕಡೆಯವರಲ್ಲಿ ಸಿಪಹದಾರ, ಜನರಲ್‌ಗಳ ಲೆಕ್ಕ ಸಿಗುತ್ತೆ. ಉಳಿದವರನ್ನ ಸುಮ್ಮನೆ ‘ಒಂದು ಕುಶೂನ್’ ಅಂತ ಮುಗಿಸಿಬಿಡ್ತೀವಿ. ಆ ಒಂದು ಪದವನ್ನ ತಪ್ಪಾಗಿ ಎಣಿಸಿದರೆ ಸಾವಿರಾರು ಮನೆಗಳು ಲೆಕ್ಕದಿಂದ ಜಾರಿಹೋಗುತ್ತವೆ, ಇಲ್ಲವೇ ಇಲ್ಲದ ಮನೆಗಳು ಹುಟ್ಟಿಕೊಳ್ಳುತ್ತವೆ.

ಆಫರ್ ಲೆಟರಿನಲ್ಲಿ ‘ವೈಸ್ ಪ್ರೆಸಿಡೆಂಟ್’ ಅಂತ ಬರೆದಿದ್ದರೂ ಮೊದಲು ಕೇಳಬೇಕಾದ್ದು ಇದೇ: ಟೀಮಲ್ಲಿ ಎಷ್ಟು ಜನ? ಇನ್ನು ನಿಮ್ಮ ಮನೆತನಕ್ಕೆ ದಳವಾಯಿ, ಬಕ್ಷಿ, ಜಮಾದಾರ್, ನಾಯಕ ಅನ್ನೋ ಹೆಸರಿದ್ದರೆ ಈ ಸಲ ಊರಿಗೆ ಹೋದಾಗ ಅಜ್ಜನ ಹತ್ತಿರ ಕೂತು ವಿಚಾರಿಸಿ. ನಮ್ಮೋರ ಕೆಳಗೆ ಎಷ್ಟು ಜನ ಇದ್ದರಂತೆ ತಾತ, ಅವರೆಲ್ಲ ಯಾವ ಊರಿನವರಂತೆ ಅಂತ. ಏನಾದರೂ ಸಿಕ್ಕರೆ ಬರೆದಿಡಿ.