ಗುಜರಿಗೆ ಹೊರಟ ಹಾಲ್ಟಿಂಗ್ ಬಸ್ಸು

ಗಾಡಿಯೊಂದನ್ನು ಗುಜರಿಗೆ ಹಾಕುವುದಕ್ಕೂ ಈಗ ವಿಧಿವಿಧಾನಗಳಿವೆ. 2021ರ ಕೇಂದ್ರ ನಿಯಮಗಳ ಪ್ರಕಾರ, ನೋಂದಾಯಿತ ಗುಜರಿ ಕೇಂದ್ರದವರು ಚಾಸಿಸ್ ನಂಬರು ಇರುವ ಭಾಗವನ್ನು ಕತ್ತರಿಸಿ ತೆಗೆದು, ಗುಜರಿ ಪ್ರಮಾಣಪತ್ರ ಕೊಟ್ಟ ದಿನದಿಂದ ಆರು ತಿಂಗಳು ಜೋಪಾನವಾಗಿ ಇಟ್ಟಿರಬೇಕು. ಸತ್ತ ಗಾಡಿಯ ನಂಬರು ಕದ್ದ ಗಾಡಿಯ ಮೈಮೇಲೆ ಎದ್ದು ಬರಬಾರದೆಂಬ ಎಚ್ಚರ ಅದು. ಉಳಿದದ್ದೆಲ್ಲ ತೂಕದ ಲೆಕ್ಕಕ್ಕೆ ಹೋಗುತ್ತದೆ.

ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳು ರಸ್ತೆಗೆ ಇಳಿಯಬಾರದೆಂಬ ಆದೇಶ 2023ರ ಏಪ್ರಿಲ್ 1ರಂದು ಜಾರಿಗೆ ಬಂತು. ಸಾರಿಗೆ ಸಂಸ್ಥೆಗಳ ಬಸ್ಸುಗಳೂ ಅದರೊಳಗೆ ಬಂದವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಡಿಪೊಗಳಿಂದ ‘ಕೆಎ-07-ಎಫ್’ ಹೊತ್ತು ಓಡಾಡಿದ ಕೆಂಪು ಬಸ್ಸುಗಳಿಗೂ ಇದೇ ಗತಿ. ಆದೇಶ ಸರಿಯಾದದ್ದೇ. ಮಳೆಗೆ ಸೋರುವ, ಹೊಗೆ ಉಗುಳುವ, ಏರಿನಲ್ಲಿ ಏದುಸಿರು ಬಿಡುವ ಬಸ್ಸಿಗೆ ಶಾಲೆಯ ಮಕ್ಕಳನ್ನು ಹತ್ತಿಸಬೇಕೆಂದು ಯಾರೂ ಹೇಳಲಾರರು. ಅದೇ ವರ್ಷ ಜೂನ್ 11ರಂದು ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಗಿ ಬಸ್ಸು ಹತ್ತುವ ಹೆಣ್ಣುಮಕ್ಕಳು ಹೆಚ್ಚಾದರು. ಅವರಿಗೆ ಗಟ್ಟಿಮುಟ್ಟಾದ ಬಸ್ಸು ಸಿಗಬೇಕು.

ಆದರೂ ಹಳೆಯ ಬಸ್ಸು ಹೋಗುತ್ತದೆಂದರೆ ಈ ಸೀಮೆಯ ಜನಕ್ಕೆ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ. ಅದಕ್ಕೆ ಕಾರಣವಿದೆ. ಬೆಂಗಳೂರು–ಜೋಲಾರಪೇಟೆ ಮಾರ್ಗದಲ್ಲಿರುವ ಮಾಲೂರು 1864ರಲ್ಲೇ ರೈಲು ಕಂಡಿತು. ಕೋಲಾರಕ್ಕೂ ಶ್ರೀನಿವಾಸಪುರಕ್ಕೂ ಇಪ್ಪತ್ತನೆಯ ಶತಮಾನದ ಎರಡನೇ ದಶಕದಲ್ಲಿ ಬಂದದ್ದು ಎರಡೂವರೆ ಅಡಿ ಅಗಲದ ನ್ಯಾರೋಗೇಜ್. ಆ ಪುಟ್ಟ ರೈಲು ಹೋಗಿ, ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಬ್ರಾಡ್‌ಗೇಜ್ ಓಡಾಟ ಶುರುವಾಗಲು 2013 ಬರಬೇಕಾಯಿತು. ಮುಳಬಾಗಿಲು ಪೇಟೆಗಂತೂ ರೈಲೇ ಬಂದಿಲ್ಲ. ನಡುವಿನ ಕಾಲವನ್ನೆಲ್ಲ ಹೊತ್ತು ಸಾಗಿಸಿದ್ದು ಬಸ್ಸು.

ಅದರಲ್ಲೂ ಹಾಲ್ಟಿಂಗ್ ಬಸ್ಸು. ಸಂಜೆ ತಾಲ್ಲೂಕು ಕೇಂದ್ರದಿಂದ ಹೊರಟು, ಕೊನೆಯ ಊರಿನ ಅರಳಿಕಟ್ಟೆಯ ಬಳಿಯೋ ಗುಡಿಯ ಮುಂದೆಯೋ ರಾತ್ರಿ ತಂಗಿ, ನಸುಕಿಗೆ ಮತ್ತೆ ಹೊರಡುತ್ತಿತ್ತು. ಚಾಲಕರು ಸೀಟಿನ ಮೇಲೇ ಹಾಸಿಗೆ ಬಿಚ್ಚುತ್ತಿದ್ದರು. ಯಾರದೋ ಮನೆಯಿಂದ ಮುದ್ದೆ, ಬಸ್ಸಾರು ಬರುತ್ತಿತ್ತು. ಬೆಳಿಗ್ಗೆ ಹಿಂದಿನ ಏಣಿ ಹತ್ತಿ ಟಾಪಿನ ಮೇಲೆ ಸೊಪ್ಪಿನ ಮೂಟೆ, ಟೊಮೆಟೊ ಕುಕ್ಕೆ. ಕಾಲ ಬಂದಾಗ ಶ್ರೀನಿವಾಸಪುರದ ಕಡೆ ಮಾವು. ಕಂಡಕ್ಟರ್ ಹಗ್ಗ ಎಳೆದು ಗಂಟೆ ಹೊಡೆದು ‘ರೈಟ್’ ಅಂದರೂ ಬಸ್ಸು ಹೊರಡುತ್ತಿರಲಿಲ್ಲ, ಕಾಲೇಜಿಗೆ ಹೋಗುವ ಹುಡುಗಿ ಇನ್ನೂ ತಿರುವಿನಲ್ಲಿ ಓಡಿಬರುತ್ತಿದ್ದಳಲ್ಲ! ‘ಬಸ್ಸು ಬರೋ ಹೊತ್ತಾಯ್ತು’ ಎಂದೇ ಎಷ್ಟೋ ಮನೆಗಳಲ್ಲಿ ಹಾಲು ಕರೆಯುತ್ತಿದ್ದರು. ಆ ಹುಡುಗಿ ಡಿಗ್ರಿ ಮುಗಿಸಿದ್ದರಲ್ಲಿ ಬಸ್ಸಿನ ಪಾಲು ಎಷ್ಟೆಂದು ಯಾವ ಲಾಗ್‌ಶೀಟಿನಲ್ಲೂ ಬರೆದಿಲ್ಲ. ಹಳೆಯ ಬಸ್ಸಿನ ಮೇಲಿನ ಹಂಬಲವೆಂದರೆ ನನಗೆ ಇದೇ: ಬರೆದಿಡದ ಲೆಕ್ಕವನ್ನು ಜನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾರೆ.

ಇಂಥ ನೆನಪನ್ನು ಉಳಿಸುವ ಬಗೆಗೆ ದೂರದ ಉದಾಹರಣೆಯೊಂದಿದೆ. ಅಮೆರಿಕ, ಕೆನಡಾಗಳ ನಡುವಿನ ಮಹಾಸರೋವರಗಳಲ್ಲಿ ಅದಿರು, ಸಿಮೆಂಟು ಸಾಗಿಸುವ ಹಡಗುಗಳಿವೆ. ಸಿಹಿನೀರು ಉಕ್ಕನ್ನು ಸಮುದ್ರದಷ್ಟು ತಿನ್ನುವುದಿಲ್ಲವಾದ್ದರಿಂದ ಅವು ಎರಡು ಮೂರು ತಲೆಮಾರು ಬಾಳುತ್ತವೆ. 1906ರಲ್ಲಿ ನೀರಿಗಿಳಿದ ಸೇಂಟ್ ಮೇರೀಸ್ ಚಾಲೆಂಜರ್ 2013ರವರೆಗೆ ತನ್ನದೇ ಯಂತ್ರದ ಬಲದಲ್ಲಿ ಓಡಿತು. ಆಮೇಲೆ ಅದರ ಯಂತ್ರ ತೆಗೆದು, ಬೇರೊಂದು ದೋಣಿಯ ಬಲದಿಂದ ಸಾಗುವ ಬಾರ್ಜ್ ಆಗಿಸಿದರು. ಕಪ್ತಾನ ನಿಂತು ಹಡಗು ನಡೆಸುತ್ತಿದ್ದ ಕೋಣೆಯನ್ನು ಮಾತ್ರ ಇಡಿಯಾಗಿ ಕಳಚಿ, ಟೊಲಿಡೊ ನಗರದ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಹಡಗು ಪೂರ್ತಿ ಉಳಿಯಲಿಲ್ಲ. ಮನುಷ್ಯ ನಿಂತಿದ್ದ ಜಾಗ ಉಳಿಯಿತು. ಈ ಆಯ್ಕೆಯಲ್ಲಿ ವಿವೇಕವಿದೆ.

ನಮ್ಮ ಸಾರಿಗೆ ಸಂಸ್ಥೆ ಕೆಎಸ್‌ಆರ್‌ಟಿಸಿಗೂ ಹಳೆಯದನ್ನು ಬಳಸುವ ಜಾಣ್ಮೆ ಗೊತ್ತು. 2020ರಲ್ಲಿ ಹಳೆಯ ಬಸ್ಸೊಂದನ್ನು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಹೆಂಗಸರ ಶೌಚಾಲಯವಾಗಿ ಮಾರ್ಪಡಿಸಿತು. ಮೈ ಸವೆದ ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು ತನ್ನದೇ ಕಾರ್ಯಾಗಾರಗಳಲ್ಲಿ ಹೊಸದು ಮಾಡಿ ರಸ್ತೆಗೆ ಬಿಟ್ಟಿತು. ಇವೆಲ್ಲ ಮೆಚ್ಚಬೇಕಾದ ಕೆಲಸ. ನೆನಪು ಉಳಿಸುವುದು ಬೇರೆಯ ಕೆಲಸ.

ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ತಮ್ಮ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ದಿವಾನರಿಗೂ ಪಂಡಿತರಿಗೂ ಕೊಟ್ಟ ಹಾಗೆಯೇ ಹೆಸರಿಲ್ಲದ ಸಾಮಾನ್ಯರಿಗೂ ಜಾಗ ಕೊಟ್ಟರು. ಆ ಮಣ್ಣಿನಲ್ಲೇ ಅಂಥ ಚಿತ್ರಶಾಲೆ ಡ್ರೈವರು–ಕಂಡಕ್ಟರುಗಳಿಗೂ ಇರಬೇಕು. ಬಸ್ಸೊಂದನ್ನು ಬಣ್ಣ ಬಳಿದು ಸರ್ಕಲ್ಲಿನಲ್ಲಿ ನಿಲ್ಲಿಸಿದರೆ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ನಿಂತು ನೋಡುವವರೂ ಇರುವುದಿಲ್ಲ. ಅದರ ಬದಲು ಹಳ್ಳಿಯ ಮಾರ್ಗದಲ್ಲಿ ಓಡಿದ ಬಸ್ಸಿನ ಮುಂಭಾಗವನ್ನು ಸ್ಟೇರಿಂಗು, ಬಾನೆಟ್ಟು, ಗಂಟೆಹಗ್ಗದ ಸಮೇತ ಕೋಲಾರ ಬಸ್ ನಿಲ್ದಾಣದ ಸೂರಿನಡಿ ಇಡಬಹುದು. ಪಕ್ಕದಲ್ಲಿ ಅದರ ಲಾಗ್‌ಶೀಟು, ವೇ ಬಿಲ್ಲುಗಳಿರಲಿ. ನಾಲ್ಕೂ ಡಿಪೊಗಳಿಂದ ನಿವೃತ್ತರಾದವರನ್ನು ಕೂರಿಸಿ ಮಾತಾಡಿಸಿ, ಅವರ ದನಿಯನ್ನು ದಾಖಲಿಸಬೇಕು. ಯಾವ ಊರಲ್ಲಿ ತಂಗುತ್ತಿದ್ದರು, ಯಾರ ಮನೆಯಲ್ಲಿ ಉಣ್ಣುತ್ತಿದ್ದರು, ನಡುರಾತ್ರಿ ಯಾವ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದರು ಎಂಬುದೆಲ್ಲ ಅವರ ಬಾಯಿಂದಲೇ ಬರಬೇಕು. ಅವರಿಗೆ ವಯಸ್ಸಾಗುತ್ತಿದೆ. ಮುಂದಿನ ಹರಾಜಿನ ಪಟ್ಟಿ ಸಿದ್ಧವಾಗುವ ಮೊದಲೇ ವಿಭಾಗದ ಅಧಿಕಾರಿಗಳು ಒಂದು ಬಸ್ಸನ್ನು ಅದರಿಂದ ಹೊರಗಿಡಲಿ, ಕೋಲಾರದ ಯಾವುದಾದರೂ ಕಾಲೇಜಿನ ಇತಿಹಾಸದ ಮೇಷ್ಟರನ್ನು ಕರೆಸಿ ಈ ಕೆಲಸ ಒಪ್ಪಿಸಲಿ.