ಚೆಂಡು ತಗುಲಿದ ರನ್ನರ್: ಅಂಪೈರರ ತೀರ್ಪು ಸರಿಯೇ



ನಮ್ಮ ಜಿಲ್ಲೆಯ ಪ್ರೌಢಶಾಲಾ ಬಾಲಕಿಯರ ಸಾಫ್ಟ್‌ಬಾಲ್ ಪಂದ್ಯವೊಂದರಲ್ಲಿ, ಎರಡನೆಯ ಬೇಸಿನಿಂದ ಮೂರನೆಯದಕ್ಕೆ ಓಡುತ್ತಿದ್ದ ಹುಡುಗಿಯ ಕಾಲಿಗೆ ತನ್ನ ತಂಡದವಳೇ ಹೊಡೆದ ಚೆಂಡು ಬಡಿದಾಗ ಅಂಪೈರರು ಆಕೆಯನ್ನು ಔಟ್ ಎಂದು ಸಾರಿದುದನ್ನೂ, ಅಷ್ಟರಲ್ಲಿ ಹೋಮ್ ಮುಟ್ಟಿದ್ದ ಮತ್ತೊಬ್ಬ ರನ್ನರಳನ್ನು ಮೂರನೆಯ ಬೇಸಿಗೆ ಹಿಂದಿರುಗಿಸಿದುದನ್ನೂ ‘ಗಾಯದ ಮೇಲೆ ಬರೆ’ ಎಂದು ಖಂಡಿಸಿ, ಶಾಲಾ ಕ್ರೀಡಾಕೂಟಗಳಲ್ಲಾದರೂ ಬೇಕೆಂದೇ ಅಡ್ಡಬಂದವರನ್ನು ಮಾತ್ರ ಔಟ್ ಮಾಡತಕ್ಕದ್ದೆಂದು ನಿಯಮವನ್ನು ತಿದ್ದಬೇಕೆಂಬ ಓದುಗರೊಬ್ಬರ ಪತ್ರವನ್ನು ತಮ್ಮ ಪತ್ರಿಕೆಯಲ್ಲಿ ಓದಿದೆನು. ನೋವುಂಡ ಮಗುವಿನ ಮೇಲೆ ಅವರಿಗಿರುವ ಮಮತೆ ಗೌರವಾರ್ಹವಾದುದು. ಆದರೆ ಅವರು ಬಯಸುವ ತಿದ್ದುಪಡಿಯಿಂದ ಆಟವೂ ಕೆಡುವುದು, ಆಡುವ ಮಕ್ಕಳ ಮಾನಕ್ಕೂ ಧಕ್ಕೆ ಬರುವುದು. ಆದುದರಿಂದ ಅದನ್ನು ವಿರೋಧಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಿಯಮ ಹೀಗಿದೆ: ಫೇರ್ ಪ್ರದೇಶದಲ್ಲಿ ಸಾಗುತ್ತಿರುವ ಚೆಂಡು, ಯಾವ ಫೀಲ್ಡರಳನ್ನೂ ಸೋಂಕದೆ, ಪಿಚರಳ ಹೊರತಾಗಿ ಬೇರೆ ಯಾವ ಇನ್‌ಫೀಲ್ಡರಳನ್ನೂ ದಾಟದೆ ಇರುವಾಗಲೇ, ಬೇಸಿನಿಂದ ಹೊರಗಿರುವ ರನ್ನರಿಗೆ ತಗುಲಿದರೆ, ಅದನ್ನು ಹಿಡಿದು ಔಟ್ ಮಾಡುವ ಅವಕಾಶ ಎದುರು ತಂಡಕ್ಕಿದ್ದ ಪಕ್ಷದಲ್ಲಿ ಆ ರನ್ನರ್ ಔಟ್. ಚೆಂಡು ಆ ಕ್ಷಣದಿಂದಲೇ ಡೆಡ್. ಹೊಡೆದವಳಿಗೆ ಮೊದಲನೆಯ ಬೇಸ್. ಅವಳಿಗೆ ಎಡೆಮಾಡಿಕೊಡಲು ಮುಂದೆ ಸರಿಯಲೇಬೇಕಾದವರನ್ನುಳಿದು ಮಿಕ್ಕವರೆಲ್ಲ ತಂತಮ್ಮ ಬೇಸಿಗೆ ಹಿಂದಿರುಗತಕ್ಕವರು. ಶಾರ್ಟ್‌ಸ್ಟಾಪ್ ಆಗಿದ್ದ ಹುಡುಗಿ ಚೆಂಡಿನ ದಾರಿಯಲ್ಲಿ ಬಗ್ಗಿ ಕಾದಿದ್ದಳೆಂದು ಆ ಪತ್ರವೇ ಒಪ್ಪಿಕೊಂಡಿರುವುದರಿಂದ, ತೀರ್ಪಿನ ಯಾವ ಅಂಶವೂ ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ಚೆಂಡು ಅವಳನ್ನು ದಾಟಿ ಹೋದಮೇಲೆ, ಹಿಂದೆ ಬೇರೊಬ್ಬ ಫೀಲ್ಡರಿಗೆ ಅವಕಾಶವಿಲ್ಲದೆಡೆಯಲ್ಲಿ ರನ್ನರಿಗೆ ಬಡಿದಿದ್ದರೆ ಆಟ ಮುಂದುವರಿಯುತ್ತಿತ್ತು.

ಉದ್ದೇಶದ ವಿಚಾರವನ್ನು ಸಾಫ್ಟ್‌ಬಾಲ್ ಮರೆತಿಲ್ಲ. ಅದನ್ನು ತಕ್ಕ ಎಡೆಯಲ್ಲಿ ಇರಿಸಿದೆ. ಫೀಲ್ಡರ್ ಎಸೆದ ಚೆಂಡು ರನ್ನರಿಗೆ ತಗುಲಿದರೆ, ಅವಳು ಬೇಕೆಂದೇ ಅಡ್ಡಿಪಡಿಸಿದಳೆಂದು ಅಂಪೈರರಿಗೆ ತೋರಿದ ಹೊರತು ಅವಳು ಔಟಾಗುವುದಿಲ್ಲ. ಏಕೆಂದರೆ ಎಸೆತದ ದಾರಿಯನ್ನು ಆರಿಸಿಕೊಂಡವಳು ಎಸೆದವಳೇ ಹೊರತು ಬೆನ್ನುಮಾಡಿ ಓಡುತ್ತಿರುವವಳಲ್ಲ. ಬ್ಯಾಟಿನಿಂದ ಬಂದ ಚೆಂಡನ್ನಾದರೋ ಹಿಡಿಯುವ ಮೊದಲ ಹಕ್ಕು ಫೀಲ್ಡರಳದು, ಆಕೆಗೆ ದಾರಿ ಬಿಡುವ ಹೊಣೆ ರನ್ನರಳದು. ಅಲ್ಲಿ ಕೇಳತಕ್ಕ ಪ್ರಶ್ನೆ ಚೆಂಡು ಎಲ್ಲಿತ್ತು, ರನ್ನರ್ ಎಲ್ಲಿದ್ದಳು, ಫೀಲ್ಡರ್ ಎಲ್ಲಿದ್ದಳು ಎಂಬುದಷ್ಟೆ.

ಉದ್ದೇಶವನ್ನು ಅಳೆಯುವ ಕೆಲಸ ಎಷ್ಟು ದುಸ್ಸಾಧ್ಯವೆಂಬುದಕ್ಕೆ ಈ ಆಟದ ತಾಯಿಯಾದ ಬೇಸ್‌ಬಾಲಿನಲ್ಲಿಯೇ ನಿದರ್ಶನವಿದೆ. 1978ರ ವರ್ಲ್ಡ್ ಸೀರೀಸ್‌ನ ನಾಲ್ಕನೆಯ ಪಂದ್ಯದಲ್ಲಿ, ಡಾಡ್ಜರ್ಸ್ ತಂಡದ ಶಾರ್ಟ್‌ಸ್ಟಾಪ್ ಮೊದಲನೆಯ ಬೇಸಿನತ್ತ ಎಸೆದ ಚೆಂಡು, ನಡುದಾರಿಯಲ್ಲಿ ನಿಂತಿದ್ದ ಯಾಂಕೀಸ್ ತಂಡದ ರೆಜಿ ಜಾಕ್ಸನ್ನರ ಸೊಂಟಕ್ಕೆ ಬಡಿದು ದೂರ ಸರಿಯಿತು. ಅವರು ಸೊಂಟವನ್ನು ಬೇಕೆಂದೇ ಚಾಚಿದರೆಂದು ಡಾಡ್ಜರ್ಸ್ ವ್ಯವಸ್ಥಾಪಕ ಟಾಮಿ ಲಸಾರ್ಡಾ ವಾದಿಸಿದರು, ಅಂಪೈರರು ಒಪ್ಪಲಿಲ್ಲ. ಯಾಂಕೀಸ್ ತಂಡ ಹತ್ತನೆಯ ಇನಿಂಗ್ಸಿನಲ್ಲಿ ಗೆದ್ದಿತು. ಅಲ್ಲಿ ನಡೆದುದು ಉದ್ದೇಶವೋ ಆಕಸ್ಮಿಕವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಇದಕ್ಕಿಂತಲೂ ಮುಖ್ಯವಾದುದು 1957ರ ಏಪ್ರಿಲ್ ತಿಂಗಳ ಪ್ರಸಂಗ. ಸಿನ್ಸಿನಾಟಿ ತಂಡದ ಡಾನ್ ಹೋಕ್ ಎಂಬವರು ಎರಡನೆಯ ಬೇಸಿನಿಂದ ಓಡುತ್ತಿದ್ದಾಗ, ಮಿಲ್ವಾಕೀ ತಂಡಕ್ಕೆ ಡಬಲ್ ಪ್ಲೇ ದೊರಕಿಸಿಕೊಡುವಂತೆ ಉರುಳಿ ಬರುತ್ತಿದ್ದ ಚೆಂಡನ್ನು ತಮ್ಮ ಕೈಯಿಂದಲೇ ಹಿಡಿದು ಎದುರಾಳಿ ಶಾರ್ಟ್‌ಸ್ಟಾಪಿನತ್ತ ಎಸೆದುಬಿಟ್ಟರು. ಅಂದಿನ ನಿಯಮದಂತೆ ಹೋಕ್ ಒಬ್ಬರೇ ಔಟ್; ಹೊಡೆದವರಿಗೆ ಮೊದಲನೆಯ ಬೇಸ್; ಇಬ್ಬರು ಔಟಾಗಬೇಕಾಗಿದ್ದಲ್ಲಿ ಒಬ್ಬರಲ್ಲೇ ಮುಗಿಯಿತು. ಕೆಲವೇ ದಿನಗಳಲ್ಲಿ ನಿಯಮವನ್ನು ಬಿಗಿಗೊಳಿಸಿ, ಡಬಲ್ ಪ್ಲೇಯನ್ನು ಕೆಡಿಸಲು ಬೇಕೆಂದೇ ಅಡ್ಡಬಂದ ಪಕ್ಷದಲ್ಲಿ ಹೊಡೆದವರೂ ಔಟ್ ಎಂದು ವಿಧಿಸಲಾಯಿತು. ಉದ್ದೇಶ ಇಲ್ಲಿ ದಂಡವನ್ನು ಹೆಚ್ಚಿಸಲು ಬಂದಿತೇ ಹೊರತು ದಂಡದಿಂದ ಬಿಡಿಸಲು ಬರಲಿಲ್ಲವೆಂಬುದನ್ನು ಓದುಗ ಮಿತ್ರರು ಗಮನಿಸಬೇಕು. ಪಳಗಿದ ಆಟಗಾರನೊಬ್ಬ ಕೈಯಿಂದ ಎಲ್ಲರೆದುರು ಮಾಡಿದ್ದನ್ನು, ಆ ಪತ್ರಲೇಖಕರು ಬಯಸುವಂತೆ ತಿದ್ದಿದ ನಿಯಮದ ಆಶ್ರಯದಲ್ಲಿ, ಮೊಣಕಾಲನ್ನು ತುಸು ನಿಧಾನಿಸಿ ಯಾರಿಗೂ ತಿಳಿಯದಂತೆ ಮಾಡಿಸುವ ತರಬೇತುದಾರರು ಹುಟ್ಟಿಕೊಳ್ಳಲು ಎಷ್ಟು ಕಾಲ ಬೇಕು?

ಆಗ ಅಂಪೈರರು ಮಾಡಬೇಕಾಗಿ ಬರುವುದೇನು? ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳ ಅಂತರಂಗವನ್ನು ಕ್ಷಣಾರ್ಧದಲ್ಲಿ ಊಹಿಸಿ, ಅವಳ ಗುರುಗಳೂ ತಂದೆತಾಯಿಗಳೂ ನೋಡುತ್ತಿರುವಂತೆಯೇ, ನೀನು ಮೋಸಮಾಡಿದೆ ಎಂದು ಹೇಳಬೇಕಾಗುತ್ತದೆ. ಈಗಿನ ನಿಯಮದಲ್ಲಿ ಔಟಾದ ಮಗುವಿನ ಮೇಲೆ ಯಾವ ಕಳಂಕವೂ ಇಲ್ಲ. ಅವಳ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸುವುದಿಲ್ಲ, ಕಣ್ಣೊರೆಸಿಕೊಂಡು ಗೆಳತಿಯರ ಪಕ್ಕದಲ್ಲಿ ತಲೆಯೆತ್ತಿ ಕುಳಿತುಕೊಳ್ಳಬಲ್ಲಳು. ಮಕ್ಕಳ ಹೆಸರಿನಲ್ಲಿ ಬೇಡುತ್ತಿರುವ ಈ ಮಾರ್ಪಾಡು ಮಕ್ಕಳಿಂದಲೇ ಕಸಿದುಕೊಳ್ಳುವುದು ಇದನ್ನು.

ಅರವತ್ತು ಅಡಿಯ ಅಂತರದ ಬೇಸುಗಳ ನಡುವೆ, ಪಿಚರ್ ಚೆಂಡನ್ನು ಕೈಬಿಟ್ಟಮೇಲೆ ತಾನೆ ಹೊರಟ ರನ್ನರಿಗೆ ತಪ್ಪಿಸಿಕೊಳ್ಳಲು ಸಮಯವೆಲ್ಲಿ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ನಿಯಮದಲ್ಲಿಯೇ ಒಂದು ಆಸರೆ ಇದೆ: ಬೇಸನ್ನು ಮುಟ್ಟಿಕೊಂಡಿರುವ ರನ್ನರ್, ಬೇಕೆಂದೇ ಅಡ್ಡಿಪಡಿಸಿದಲ್ಲದೆ, ಚೆಂಡು ತಗುಲಿದರೂ ಔಟಲ್ಲ. ಬೇಸ್‌ಬಾಲಿನಲ್ಲಿ ಹಾಗಲ್ಲ, ಇನ್‌ಫೀಲ್ಡ್ ಫ್ಲೈ ಒಂದನ್ನು ಬಿಟ್ಟರೆ ಅಲ್ಲಿ ಬೇಸಿನ ಮೇಲೆ ನಿಂತವನಿಗೂ ರಕ್ಷೆಯಿಲ್ಲ. ದೂರದರ್ಶನದಲ್ಲಿ ಬೇಸ್‌ಬಾಲ್ ನೋಡಿದ ಅಭ್ಯಾಸದಿಂದಲೋ ಏನೋ, ನಮ್ಮ ಮೈದಾನಗಳಲ್ಲಿ ಬೇಸಿನ ಮೇಲೆ ಕಾಲಿಟ್ಟು ನಿಂತಿದ್ದ ಹುಡುಗಿಯರನ್ನು ಔಟ್ ಎಂದು ಹೊರಗೆ ಕಳುಹಿಸಿದುದನ್ನು ನಾನು ಕಂಡಿದ್ದೇನೆ. ಅದು ನಿಜವಾದ ಅನ್ಯಾಯ. ಪತ್ರಿಕೆಗೆ ಬರೆಯತಕ್ಕದ್ದೂ, ಮೇಲಿನವರಿಗೆ ದೂರು ಒಯ್ಯತಕ್ಕದ್ದೂ ಅದರ ಬಗ್ಗೆ.

ಮಕ್ಕಳಿಗೆ ಕಲಿಸಬೇಕಾದುದೂ ಕೆಲವಿದೆ. ಮೂರನೆಯ ಬೇಸಿನಿಂದ ಹೊರಡುವವಳು ಗೆರೆಯ ಹೊರಗೆ, ಫೌಲ್ ಪ್ರದೇಶದಲ್ಲಿ ಹೆಜ್ಜೆಯಿಟ್ಟರೆ, ಅಲ್ಲಿ ತಗುಲಿದ ಚೆಂಡು ಫೌಲ್ ಆಗುವುದಲ್ಲದೆ ಅವಳು ಔಟಾಗುವುದಿಲ್ಲ. ಎರಡನೆಯ ಬೇಸಿನಿಂದ ಹೊರಡುವವಳು ಚೆಂಡಿಗಾಗಿ ಬಗ್ಗಿದ ಫೀಲ್ಡರಳ ಹಿಂಬದಿಯಿಂದ ಸುತ್ತಿ ಓಡಬಹುದು. ಆಕೆಗೆ ದಾರಿ ಬಿಡುವುದಕ್ಕಾಗಿ ನೇರ ದಾರಿಯಿಂದ ಸರಿದುದಕ್ಕೆ ಯಾರೂ ಔಟ್ ಕೊಡಲಾರರು. ಇಷ್ಟನ್ನು ಅಭ್ಯಾಸ ಮಾಡಿಸಿದ್ದರೆ ಅಂದು ಆ ಹುಡುಗಿಯ ಕಾಲಿಗೆ ಪೆಟ್ಟೂ ಬೀಳುತ್ತಿರಲಿಲ್ಲ. ಮುಂದಿನ ತಾಲ್ಲೂಕು ಮಟ್ಟದ ಪಂದ್ಯಗಳು ಆರಂಭವಾಗುವುದಕ್ಕೆ ಮುನ್ನ ಇಲಾಖೆಯವರು ಅಂಪೈರುಗಳನ್ನೂ ದೈಹಿಕ ಶಿಕ್ಷಕರನ್ನೂ ಒಂದೆಡೆ ಕಲೆಹಾಕಿ, ಈ ನಿಯಮಗಳನ್ನು ಕನ್ನಡದಲ್ಲಿ ಅಚ್ಚುಮಾಡಿ ಕೈಗಿತ್ತು, ಮೈದಾನದಲ್ಲಿ ಬೇಸುಗಳನ್ನಿಟ್ಟು ಓಡಿಸಿ ತೋರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ, ಹಾಸನ